ಅರಿಶಿನ ಬಟ್ಟೆ ಕಟ್ಟಿದ ಸೀಬೆಹಣ್ಣು

ಪುಟ್ಟೇನಹಳ್ಳಿಯ ಗೌರಮ್ಮನ ಮನೆಗೆ ಹಿತ್ತಿಲು ಅಂತ ಉಳಿದಿರುವುದು ಹತ್ತು ಅಡಿ ಅಗಲದ ಒಂದು ಪಟ್ಟಿ. ಅದರಲ್ಲೇ ಒಂದು ಸೀಬೆಮರ, ಕಾಂಪೌಂಡಿನ ಮೂಲೆಗೆ ಒಂದು ಬಾದಾಮಿ ಮರ, ನಡುವೆ ಬಟ್ಟೆ ಒಗೆಯುವ ಕಲ್ಲು. ಮಿಕ್ಕ ಜಾಗದಲ್ಲೆಲ್ಲ ಮೂರಂತಸ್ತಿನ ಮನೆ ಎದ್ದಿದೆ. ಮೇಲೆ ಬಾಡಿಗೆಯವರು, ಕೆಳಗೆ ಗೌರಮ್ಮ ಮತ್ತು ಗಂಡ ತಿಮ್ಮರಾಯಪ್ಪ. ಬಾದಾಮಿ ಉದುರಿದರೆ ಗೌರಮ್ಮ ಆರಿಸಿ ಒಣಗಿಸಿ, ಒಗೆಯುವ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಒಡೆದು ಬೀಜ ತೆಗೆದಿಡುತ್ತಾಳೆ. ಅದರದೇನೂ ತಕರಾರಿಲ್ಲ. ತಕರಾರೆಲ್ಲ ಸೀಬೆಮರದ್ದು.

ಆ ಮರ ನೆಟ್ಟವಳು ತಿಮ್ಮರಾಯಪ್ಪನ ತಂಗಿ ಅಂಜನಮ್ಮ. ಮದುವೆಯಾಗಿ ಉತ್ತರಹಳ್ಳಿಗೆ ಹೋಗುವ ಹಿಂದಿನ ವರ್ಷ ನೆಟ್ಟಿದ್ದಳು. ಮರ ಫಸಲಿಗೆ ಬಂದಾಗಿನಿಂದ ಪ್ರತಿ ಗೌರಿಹಬ್ಬಕ್ಕೆ ತವರಿನಿಂದ ಅವಳಿಗೆ ಹೋಗುವ ಮೊರದ ಬಾಗಿನದಲ್ಲಿ ಅದರ ಐದು ಹಣ್ಣು ಇರುವುದು ವಾಡಿಕೆ.

ನಾಲ್ಕು ವರ್ಷದ ಹಿಂದೆ ಮೇಲಿನ ಮನೆಯ ಗೃಹಪ್ರವೇಶದಲ್ಲಿ ಒಂದು ತಪ್ಪಾಯಿತು. ಗಡಿಬಿಡಿಯಲ್ಲಿ ಗೌರಮ್ಮ ನಾದಿನಿಯನ್ನು ಫೋನಿನಲ್ಲೇ ಕರೆದಳು. ಮನೆಮಗಳನ್ನು ಅವಳ ಮನೆಗೆ ಹೋಗಿ, ಹಣೆಗೆ ಕುಂಕುಮವಿಟ್ಟು ಕರೆಯಬೇಕು. ಅಂಜನಮ್ಮ ಬರಲಿಲ್ಲ. ಆಮೇಲೂ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಬಾಗಿನ ಕೊಡಲು ಹೋದ ಅಣ್ಣನ ಹತ್ತಿರ ಮಾತ್ರ ಒಂದು ಮಾತು ಹೇಳಿ ಕಳಿಸಿದಳು: “ನನ್ನ ಮರದ ಐದು ಹಣ್ಣು ಬರ್ತಿರೋವರ್ಗೂ ನಂಗೊಂದು ತವರುಮನೆ ಐತೆ ಅಂದ್ಕೋತೀನಿ. ಅಂಗ್ಡಿ ಹಣ್ಣು ಕಳ್ಸಿದ ದಿನ ಅದೂ ಮುಗೀತು. ಅತ್ತಿಗೆಗೆ ಹೇಳ್ಬಿಡಣ್ಣ.”

ಹೋದ ವರ್ಷದವರೆಗೆ ಹೇಗೋ ನಡೆಯಿತು. ಈ ವರ್ಷ ಪಕ್ಕದ ಖಾಲಿ ಸೈಟಿನ ಅತ್ತಿಮರ ಕಡಿದರು. ಅದರಲ್ಲಿದ್ದ ಗಿಣಿಗಳೆಲ್ಲ ಸೀಬೆಮರಕ್ಕೆ ಬಂದವು. ಗಿಣಿ ಒಂದು ಹಣ್ಣನ್ನೂ ಪೂರ್ತಿ ತಿನ್ನುವುದಿಲ್ಲ. ಇದನ್ನಷ್ಟು ಕಚ್ಚಿ ಅದಕ್ಕೆ, ಅದನ್ನಷ್ಟು ಕಚ್ಚಿ ಇನ್ನೊಂದಕ್ಕೆ.

ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಗೌರಮ್ಮ ಹಳೇ ಪಂಚೆ ಹರಿದು, ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಮರದಲ್ಲಿ ಚೆನ್ನಾಗಿ ಬಲಿತ ಐದು ಕಾಯಿ ಆರಿಸಿ, ಒಂದೊಂದಕ್ಕೂ ಆ ಬಟ್ಟೆ ಕಟ್ಟಿದಳು. ಗೌರಿಗೆ ಮುಡಿಪು ಅಂದ ಮೇಲೆ ಅರಿಶಿನದ ಬಟ್ಟೆಯೇ ಆಗಬೇಕು.

“ಅಷ್ಟೆಲ್ಲ ಯಾಕೆ? ಈಗ್ಲೇ ಕಿತ್ತು ಅಕ್ಕಿ ಡಬ್ಬೀಲಿಟ್ರೆ ತಾನಾಗೇ ಹಣ್ಣಾಯ್ತದೆ” ಅಂದ ತಿಮ್ಮರಾಯಪ್ಪ.

“ಮುಡಿಪು ಕಟ್ಟಿದ್ದನ್ನ ಹಬ್ಬದ ಹಿಂದಿನ ದಿನದವರ್ಗೂ ಬಿಚ್ಚಂಗಿಲ್ಲ. ಈ ವಯಸ್ಸಲ್ಲಿ ನಿಮಗೆ ನಾನು ಹೇಳ್ಕೊಡಬೇಕಾ?”

ಮೂರನೇ ದಿನಕ್ಕೆ ಎರಡು ಗಂಟು ಹರಿದಿದ್ದವು. ಒಳಗಿನ ಹಣ್ಣು ಅರ್ಧ ಮಾಯ. ಗೌರಮ್ಮ ಉಳಿದ ಕಾಯಿಗಳಲ್ಲಿ ಒಳ್ಳೆಯವನ್ನು ಹುಡುಕಿ ಮತ್ತೆ ಅರಿಶಿನದ ಬಟ್ಟೆ ಕಟ್ಟಿದಳು. ಅವೂ ಹೋದವು. ಮತ್ತೆ ಕಟ್ಟಿದಳು. ತಿಮ್ಮರಾಯಪ್ಪ ವಯಸ್ಸಿನಲ್ಲಿ ಕೋಣನಕುಂಟೆಯ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದವನು. ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಇದೆ, ಅವನಿಗೆ ಮಂಡಿನೋವು ಇದೆ. ಬೆಳಗ್ಗೆ ಆರಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸ್ಟೀಲ್ ತಟ್ಟೆ ಬಡಿಯತೊಡಗಿದ. ಗಿಣಿಗಳು ಎರಡು ದಿನ ಹೆದರಿದವು. ಮೂರನೇ ದಿನ ತಟ್ಟೆಯ ಸದ್ದಿಗೇ ಬಂದು ಕೂತವು.

ಮೊದಲ ಮಹಡಿಯಲ್ಲಿ ಕಮಲಾದೇವಿ ಅಂತ ಗದಗಿನ ಕಡೆಯ ನಿವೃತ್ತ ಟೀಚರ್ ಬಾಡಿಗೆಗಿದ್ದರು. ಅವರ ಬಾಲ್ಕನಿಗೂ ಸೀಬೆಕೊಂಬೆಗೂ ಒಂದು ಮೊಳ ದೂರ. ಅವರು ಬಗ್ಗಿ ಕೂಗಿದರು: “ಯಜಮಾನ್ರ, ನಸಿಕಲೇ ಎದ್ದು ತಾಟು ಬಡೀತೀರಲ್ಲ, ಗಿಳಿಗೇನು ಊಟಕ್ಕ ಕರೀಲಿಕ್ಕತ್ತೀರೇನು?”

“ಓಡಿಸ್ತಾ ಇದೀನಿ ಮೇಡಂ!”

“ಎಲ್ಲಿ ಓಡಸ್ತೀರಿ? ಗೌರಮ್ಮಾರ, ನೀವs ಮ್ಯಾಲೆ ಬಂದು ನೋಡ್ರಿ. ಅವು ಬ್ಯಾರೆ ಹಣ್ಣು ಮೂಸಿನೂ ನೋಡಂಗಿಲ್ಲ. ಸೀದಾ ಹಳದಿ ಗಂಟಿಗೇ ಬರ್ತಾವ.”

ಗೌರಮ್ಮ ಮಾರನೆಯ ಬೆಳಗ್ಗೆ ಕಾಫಿ ಲೋಟ ಹಿಡಿದು ಆ ಬಾಲ್ಕನಿಯಲ್ಲಿ ಒಂದು ಗಂಟೆ ಕೂತಳು. ಗಿಣಿಗಳನ್ನೇ ನೋಡಿದಳು. ಹೌದು. ಬರಿಮೈಯಲ್ಲಿ ತೂಗುತ್ತಿದ್ದ ಹಣ್ಣನ್ನು ದಾಟಿ ಗಿಣಿ ಹಳದಿ ಗಂಟಿನ ಮೇಲೇ ಇಳಿಯಿತು. ಮೊದಲ ಸಲ ಯಾವುದೋ ಗಿಣಿ ಸುಮ್ಮನೆ ಒಂದು ಗಂಟು ಹರಿದಿರಬೇಕು, ಒಳಗೆ ಒಳ್ಳೆ ಹಣ್ಣು ಸಿಕ್ಕಿರಬೇಕು. ಅಲ್ಲಿಂದಾಚೆಗೆ ಮರದ ಒಳ್ಳೆ ಹಣ್ಣು ಯಾವುದು ಅಂತ ಗೌರಮ್ಮನೇ ಗುರುತು ಮಾಡಿ ತೋರಿಸುತ್ತ ಬಂದಿದ್ದಳು.

ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ಮರದಲ್ಲಿ ಕಚ್ಚದೆ ಉಳಿದ ಒಳ್ಳೆ ಕಾಯಿ ಐದೇ ಐದು, ಮಿಕ್ಕವು ಎಳಸು, ಸಣ್ಣವು. ಐದಕ್ಕೂ ಅರಿಶಿನದ ಬಟ್ಟೆ. ಬಿಚ್ಚಿದರೆ ಮುಡಿಪು ಮುರಿದ ಹಾಗೆ, ಬಿಚ್ಚದಿದ್ದರೆ ಹಣ್ಣು ಇಲ್ಲ. ಮಧ್ಯಾಹ್ನದವರೆಗೆ ಯೋಚಿಸಿದಳು. ಆಮೇಲೆ ದೇವರ ಮುಂದೆ ದೀಪ ಹಚ್ಚಿ, “ತಾಯಿ, ಬುದ್ಧಿ ಇಲ್ದೆ ಕಟ್ಟಿದ್ದೆ” ಅಂದು ಬಂದು ಐದನ್ನೂ ಬಿಚ್ಚಿದಳು. ಅದೇ ಬಟ್ಟೆಗಳಲ್ಲಿ ಒಡೆಯದೆ ಇಟ್ಟಿದ್ದ ಗಟ್ಟಿ ಬಾದಾಮಿ ಓಟೆ ತುಂಬಿ ಬಾದಾಮಿ ಮರಕ್ಕೆ ತೂಗಿಬಿಟ್ಟಳು. ಹಣ್ಣಿಗೆ ಕಟ್ಟಲು ಎಲೆಯ ಬಣ್ಣದ ಬಟ್ಟೆ ಬೇಕಿತ್ತು. ಮನೆಯಲ್ಲಿ ಸಿಕ್ಕಿದ್ದು ತಿಮ್ಮರಾಯಪ್ಪನ ಮಾಸಿದ ಹಸಿರು ಲುಂಗಿ.

“ಗೌರಿ ಹಣ್ಣಿಗೆ ಲುಂಗಿ ಉಡಿಸ್ತಿದೀಯಲ್ಲೇ!”

“ಒಗೆದಿದೀನಿ, ಸುಮ್ನಿರಿ. ನಿಮಗಿಂತ ಹಣ್ಣಿಗೇ ಚೆನ್ನಾಗಿ ಒಪ್ಪುತ್ತೆ.”

ಗಿಣಿಗಳು ಹಳದಿ ಗಂಟುಗಳನ್ನು ಹುಡುಕಿಕೊಂಡು ಬಾದಾಮಿ ಮರಕ್ಕೆ ಹೋದವು. ಹರಿದು ನೋಡಿದವು, ಓಟೆ ಕುಕ್ಕಿದವು, ಬೈದುಕೊಂಡವು. ಹಬ್ಬದ ಹಿಂದಿನ ದಿನ ಗೌರಮ್ಮ ದೋಟಿ ಹಿಡಿದು ಹಣ್ಣು ಇಳಿಸಿದಳು. ನಾಲ್ಕು ಕಲೆಯಿಲ್ಲದವು, ಘಮ್ಮೆನ್ನುತ್ತಿದ್ದವು. ಐದನೆಯದರಲ್ಲಿ ಕೊಕ್ಕಿನ ಗುರುತು. ದಾರ ಸಾಲದೆ ಅದೊಂದಕ್ಕೆ ಅರಿಶಿನದ ಬಟ್ಟೆಯ ಅಂಚು ಹರಿದು ಬಿಗಿದಿದ್ದಳು. ಗಿಣಿಗೆ ಅಷ್ಟೇ ಸಾಕಾಗಿತ್ತು.

ತಿಮ್ಮರಾಯಪ್ಪ ಹಣ್ಣನ್ನು ತಿರುಗಿಸಿ ನೋಡಿದ. “ಸರ್ಕಲ್ಲಲ್ಲಿ ಗಾಡೀಲಿ ಇಂಥದ್ದೇ ಸಿಗ್ತದೆ. ಒಂದು ತಂದ್ಬಿಡ್ತೀನಿ. ಐದ್ರಲ್ಲಿ ಒಂದು, ಅವಳಿಗೇನು ಗೊತ್ತಾಯ್ತದೆ?”

ಗೌರಮ್ಮ ಆ ಹಣ್ಣನ್ನು ಅವನ ಕೈಯಿಂದ ತಗೊಂಡು ಬೇರೆ ಇಟ್ಟಳು.

“ಅವಳಿಗೆ ಗೊತ್ತಾಗಲ್ಲ, ನಂಗೆ ಗೊತ್ತಿರುತ್ತೆ. ಬೇಡ” ಅಂದಳು. “ಮೊರದೊಳಗೆ ನಾಲ್ಕೇ ಇಡ್ತೀನಿ. ಕಚ್ಚಿದ್ದು ಎಂಜಲು, ಅದು ಚೀಲದಲ್ಲಿ ಬೇರೆ ಇರ್ಲಿ. ಆಗಿದ್ದನ್ನ ಅವಳು ಕೇಳೋಕೆ ಮುಂಚೆ ನೀವೇ ಹೇಳ್ಬೇಕು. ಲುಂಗಿ ವಿಷಯಾನೂ.”

ಹಬ್ಬದ ದಿನ ಬೆಳಗ್ಗೆ ಬಾಗಿನ ಹಿಡಿದು ಆಟೋ ಹತ್ತಿದ ತಿಮ್ಮರಾಯಪ್ಪ ವಾಪಸು ಬಂದಾಗ ಮೂರು ಗಂಟೆ. ಗೌರಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

“ತಗೊಂಡ್ಲಾ?”

“ನಾಲ್ಕೂ ಎಣಿಸಿದ್ಲು. ಮುಖ ಗಂಟು ಹಾಕ್ಕೊಂಡ್ಲು. ನಾನು ಎಲ್ಲ ಹೇಳ್ದೆ. ಪೂರ್ತಿ ಕೇಳಿದ್ಲು. ಆಮೇಲೆ ಅದೇನ್ ನಗು ಅಂತೀಯ! ಪಕ್ಕದ ಮನೆಯವರು ಬಂದು ನೋಡಿದ್ರು.”

“ನಕ್ಕಿದ್ದು ಇರ್ಲಿ. ಏನಂದ್ಲು?”

“‘ಮನೆಮಗಳಿಗೆ ಫೋನು, ಗಿಣಿಗೆ ಮಾತ್ರ ಅರಿಶಿನ ಇಟ್ಟು ಕರ್ದವ್ಳೆ ನಮ್ಮತ್ತಿಗೆ’ ಅಂದ್ಲು. ಗಿಣಿ ಕಚ್ಚಿದ್ದನ್ನ ಅಲ್ಲೇ ಕುಯ್ದು, ಕಚ್ಚಿದ ಕಡೆ ತೆಗ್ದಾಕಿ ತಿಂದ್ಲು. ನಂಗೊಂದು ಚೂರೂ ಕೊಡ್ಲಿಲ್ಲ.”

ತವರಿಗೆ ಚೀಲವನ್ನು ಬರಿದಾಗಿ ಕಳಿಸುವುದು ಅವರಲ್ಲಿ ಇಲ್ಲ. ನಾಲ್ಕು ವರ್ಷ ಅಂಜನಮ್ಮ ಅದರಲ್ಲಿ ಒಂದು ತೆಂಗಿನಕಾಯಿ ಹಾಕಿ ಕಳಿಸುತ್ತಿದ್ದಳು. ಈ ಸಲ ಕಾಯಿಯ ಕೆಳಗೆ ಒಂದು ಬಟ್ಟೆಯ ಕಟ್ಟು ಇತ್ತು. ಗೌರಮ್ಮ ಬಿಚ್ಚಿದಳು. ಹಸಿರು ಹತ್ತಿ ಸೀರೆ, ಉಟ್ಟು ಮೆತ್ತಗಾದದ್ದು, ಹಣ್ಣು ಕಟ್ಟುವ ಅಳತೆಗೆ ಆಗಲೇ ಚೌಕ ಚೌಕವಾಗಿ ಹರಿದಿದ್ದು. ಕಟ್ಟಲು ದಾರವನ್ನೂ ಇಟ್ಟಿದ್ದಳು. ಅದೂ ಹಸಿರು.

ಗಣೇಶನ ಹಬ್ಬ ಕಳೆದ ಮಾರನೆಯ ದಿನ ಗೌರಮ್ಮ ಬೇಗ ಸ್ನಾನ ಮಾಡಿ ಸೀರೆ ಉಟ್ಟಳು. ಕುಂಕುಮದ ಭರಣಿಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

“ಕರೆಯೋಕೆ ಹೊರಟೆಯಾ? ಮನೇಲಿ ಯಾವ ಕಾರ್ಯ ಐತೆ ಅಂತ ಕರೀತೀಯ?” ತಿಮ್ಮರಾಯಪ್ಪ ಕೇಳಿದ.

ಗೌರಮ್ಮ ಚಪ್ಪಲಿ ಮೆಟ್ಟಿಕೊಂಡಳು. “ಮರದಲ್ಲಿ ಇನ್ನೂ ಹಣ್ಣಿದೆ. ಬಂದು ಕಿತ್ಕೊಂಡು ಹೋಗ್ಲಿ” ಅಂದು ಉತ್ತರಹಳ್ಳಿಯ ಬಸ್ಸಿಗೆ ಹೊರಟಳು.