ಕೆಲಸಕ್ಕೆ ಹೋಗಲು ಮಾತ್ರ

ವರ್ಲೀನ್ ಸ್ಟೋಕ್ಲಿ ಕೈ ಸುಮ್ಮನಿಟ್ಟು ಕೂತದ್ದನ್ನು ನಾನು ನೋಡಿಲ್ಲ. ಅಂದು ಕೋರ್ಟಿಗೆ ಹೋಗುವಾಗಲೂ ನನ್ನ ಪಕ್ಕದ ಸೀಟಿನಲ್ಲಿ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಾನು ಅವಳ ನೆರೆಯವಳು. ಶಾಲೆಯ ಅಡುಗೆಮನೆಗೆ ಒಂದು ದಿನ ರಜೆ ಹಾಕಿ ಅವಳನ್ನೂ ಅವಳ ಅತ್ತೆ ಓಪಲ್‌ರನ್ನೂ ಕರೆದೊಯ್ಯುತ್ತಿದ್ದೆ. ಗಂಡ ಹಾರ್ಲನ್ ಮರದ ಮಿಲ್ಲಿನಿಂದ ನೇರವಾಗಿ ಬಂದು ಕೋರ್ಟಿನಲ್ಲೇ ಆ ಅಂಗಿ ಹಾಕಿಕೊಳ್ಳುವವನಿದ್ದ.

ಎಲ್ಲ ಶುರುವಾದದ್ದು ಕಾರಿನ ಹಿಂದಿನ ದೀಪವೊಂದು ಸುಟ್ಟುಹೋದದ್ದರಿಂದ. ಅದಕ್ಕೆ ಪೊಲೀಸರು ಹಾಕಿದ ಕೇಸಿನ ವಿಚಾರಣೆಯ ದಿನವೇ ಓಪಲ್‌ರ ಡಯಾಲಿಸಿಸ್ ಇತ್ತು. ವರ್ಲೀನ್ ಕೋರ್ಟು ಬಿಟ್ಟು ಆಸ್ಪತ್ರೆಗೆ ಹೋದಳು. ಹಾಜರಾಗಲಿಲ್ಲವೆಂದು ಲೈಸೆನ್ಸ್ ಅಮಾನತಾಯಿತು. ಕೆಂಟಕಿ ರಾಜ್ಯದ ಗಡಿಯ ನಮ್ಮ ಕೌಂಟಿಯಲ್ಲಿ ಬಸ್ಸಿಲ್ಲ. ಮುದುಕಿಯ ರಕ್ತ ಶುದ್ಧಿಮಾಡಿಸುವುದನ್ನು ಮುಂದೂಡುವಂತಿಲ್ಲ. ಅವಳು ಮತ್ತೆ ಕಾರು ತೆಗೆದಳು, ಪೊಲೀಸರು ತಡೆದರು. ದೀಪದ ತಪ್ಪು ಈಗ ಜೈಲಿಗೆ ಹಾಕಬಹುದಾದ ಅಪರಾಧವಾಗಿತ್ತು.

ಕೋರ್ಟಿನ ಪಡಸಾಲೆಯಲ್ಲಿ ಎಳೆ ವಯಸ್ಸಿನ ಸರ್ಕಾರಿ ವಕೀಲ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಿದ್ದ.

"ತಪ್ಪೊಪ್ಕೊಂಡ್ರೆ ಇವತ್ತೇ ಮುಗಿಯುತ್ತೆ ಮೇಡಂ, ಜೈಲಿಲ್ಲ. ಕೆಲಸಕ್ಕೆ ಹೋಗಿಬರೋಕೆ ಮಾತ್ರ ಗಾಡಿ ಓಡ್ಸೋ ಪರ್ಮಿಟ್ಟೂ ಕೇಳ್ಬಹುದು. ಒಪ್ಕೊಳ್ದಿದ್ರೆ ವಿಚಾರಣೆಗೆ ಮತ್ತೆ ಬರ್ಬೇಕು."

"ಯಾವ ದಿನ?" ಎಂದಳು ವರ್ಲೀನ್.

"ಟ್ರಾಫಿಕ್ ಕೇಸು ಬುಧವಾರವೇ."

ಬುಧವಾರ ಡಯಾಲಿಸಿಸ್. ಇವತ್ತೂ ನರ್ಸುಗಳನ್ನು ಬೇಡಿಕೊಂಡು ಮಧ್ಯಾಹ್ನಕ್ಕೆ ಹಾಕಿಸಿಕೊಂಡಿದ್ದಳು. "ಒಪ್ಕೋತೀನಿ ಬಿಡಿ," ಎಂದಳು.

"ಈ ಬೆಂಚು ಮಾಡ್ಸಿದೋನಿಗೆ ಕೂತು ಅಭ್ಯಾಸವೇ ಇರ್ಲಿಲ್ಲ ಅನ್ಸುತ್ತೆ," ಎಂದರು ಓಪಲ್, ಮಗ್ಗುಲು ಬದಲಿಸುತ್ತಾ.

ನ್ಯಾಯಾಧೀಶರು ನಮ್ಮೆಲ್ಲರಿಗೂ ಒಟ್ಟಿಗೆ ಆರೋಪಿಗಳ ಹಕ್ಕುಗಳನ್ನು ಓದಿ ಹೇಳಿದರು. ಆಮೇಲೆ ಹೆಸರು ಕೂಗಿದರು. ವರ್ಲೀನ್ ತಪ್ಪೊಪ್ಪಿಕೊಂಡು ಪರ್ಮಿಟ್ ಕೇಳಿದಳು.

"ಎಲ್ಲಿ ಕೆಲಸ ಮಾಡ್ತೀರಿ?"

"ಮನೇಲಿ, ಸರ್. ನಮ್ಮತ್ತೆ ಓಪಲ್‌ನ ನೋಡ್ಕೋತೀನಿ. ಆಸ್ಪತ್ರೆಗೆ ವಾರಕ್ಕೆ ಮೂರು ಸಲ."

"ಅದಕ್ಕೆ ನಿಮ್ಮನ್ನ ಇಟ್ಕೊಂಡಿರೋರು ಯಾರು?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರೂ ಇಲ್ಲ. ನಾನೇ."

ನ್ಯಾಯಾಧೀಶರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು, ಬೆಂಚುಗಳ ಕಡೆ ನೋಡಿ, ಗಂಡ ಬಂದಿದ್ದಾನೆಯೇ ಎಂದು ಕೇಳಿದರು. ಹಾರ್ಲನ್ ಎದ್ದುನಿಂತ. ಆಗತಾನೇ ಗುಂಡಿ ಹೊಲಿದ ಅಂಗಿ ಅವನ ಮೈಮೇಲಿತ್ತು.

"ನಿಮ್ಮ ತಾಯಿನ ನೋಡ್ಕೊಳ್ಳೋ ಕೆಲಸಕ್ಕೆ ಇವರನ್ನ ಇಟ್ಕೊಂಡಿದೀರಾ?"

ಹೌದು ಅನ್ನಲು ಒಂದು ಉಸಿರು ಸಾಕಿತ್ತು. ಹಾರ್ಲನ್ ನಕ್ಕ. "ಇಟ್ಕೊಳ್ಳೋದಾ? ಇಲ್ಲ ಸರ್, ನನ್ನ ಹೆಂಡ್ತಿ ಅವಳು. ಸುಮ್ನೆ ಮನೇಲಿರ್ತಾಳೆ."

ಹಿಂದಿನ ಬೆಂಚಿನಲ್ಲಿ ಯಾರೋ ಇಬ್ಬರು ನಕ್ಕರು. ಪರ್ಮಿಟ್ ಸಿಗಲಿಲ್ಲ. ಆರು ತಿಂಗಳು ಗಾಡಿ ಮುಟ್ಟಬಾರದು. ಮುಟ್ಟಿ ಸಿಕ್ಕಿಬಿದ್ದರೆ ಈ ಸಲ ಜೈಲೇ ಎಂದರು ನ್ಯಾಯಾಧೀಶರು.

ಹೊರಗೆ ಮೆಟ್ಟಿಲ ಬಳಿ ಓಪಲ್ ಮಗನ ತೋಳು ಹಿಡಿದರು. "ಹೌದು ಅಂದಿದ್ರೆ ನಿನ್ನ ನಾಲಿಗೆ ಸವೀತಿತ್ತೇನೋ?"

"ಕೋರ್ಟಲ್ಲಿ ಸುಳ್ಳು ಹೇಳ್ಬೇಕಿತ್ತಾ ಅಮ್ಮಾ?"

"ಅದ್ರಲ್ಲಿ ಸುಳ್ಳು ಯಾವುದು?"

ಅವನು ಟೋಪಿ ಸರಿಮಾಡಿಕೊಂಡ. "ಸರಿ, ಶುಕ್ರವಾರ ನಾನೇ ಕರ್ಕೊಂಡು ಹೋಗ್ತೀನಿ. ಅದೇನು ಮಹಾ ಕೆಲಸ." ವರ್ಲೀನ್ ಅತ್ತೆಯ ಕೋಟಿನ ಗುಂಡಿ ಹಾಕುತ್ತಿದ್ದಳು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಹಾರ್ಲನ್‌ನ ಪಿಕಪ್ ಮಿಲ್ಲಿಗೆ ಹೋಗಿಯಾಗಿತ್ತು. ಯಾರದೋ ಬದಲಿ ಪಾಳಿಯಂತೆ. ನಾನು ಕೆಲಸಕ್ಕೆ ಹೊರಡುತ್ತಾ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ವರ್ಲೀನ್ ಅತ್ತೆಯನ್ನು ಕಾರಿನಲ್ಲಿ ಕೂರಿಸಿ, ಕಾಲಿನ ಮೇಲೆ ಕಂಬಳಿ ಹೊದಿಸಿದಳು. ಎಂಜಿನ್ ಶುರುಮಾಡಿ ಮತ್ತೆ ಇಳಿದಳು. ಕಾರಿನ ಹಿಂದೆ ಹೋಗಿ, ಬೇಲಿಯ ಹಲಗೆಗಳ ಮೇಲೆ ಎರಡೂ ಕಡೆ ಕೆಂಪು ಬೆಳಕು ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ಎರಡೂ ಉರಿಯುತ್ತಿದ್ದವು. ಆಮೇಲೆ ಬಂದು ಸ್ಟಿಯರಿಂಗ್ ಮುಂದೆ ಕೂತಳು.