ಎಲ್ಲರಿಗೂ ಒಳ್ಳೆಯದೆಂಬ ಉಪ್ಪು

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಯಾರೋ ಮೇಜು ಹಾಕಿಕೊಂಡು ನೇರಳೆ ರಿಬ್ಬನ್ ಕಟ್ಟಿದ ಗಾಜಿನ ಜಾಡಿಗಳನ್ನು ಮಾರುತ್ತಿದ್ದರು. ಜಾಡಿಗಳ ತುಂಬ ಬಿಳಿಯ ಹರಳು. ಅಲ್ಲಿ ನಿಂತಿದ್ದ ಹುಡುಗಿ ನನ್ನ ಅಂಗೈಗೆ ಒಂದು ಚಿಟಿಕೆ ಉದುರಿಸಿ, ‘ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್ ಮೇಡಂ. ಸ್ನಾನದ ನೀರಿಗೆ ಹಾಕ್ಕೊಬೋದು, ಗಿಡಕ್ಕೆ ಹಾಕ್ಬೋದು, ಬೆಳಿಗ್ಗೆ ಒಂದ್ ಸ್ಪೂನ್ ಕುಡಿದ್ರೂ ಒಳ್ಳೇದೇ’ ಎಂದಳು. ದತ್ತೂರಿ ಕಾಯಿಯೂ ನ್ಯಾಚುರಲ್ಲೇ ತಾಯಿ ಎನ್ನಬೇಕೆನಿಸಿತು. ಆದರೆ ನಾನು ಕಾನ್ವೆಂಟಿನಲ್ಲಿ ಬೆಳೆದವಳು. ಮನಸ್ಸಿನಲ್ಲಿ ಎಷ್ಟೇ ಬೈದುಕೊಂಡರೂ ಬಾಯಿಂದ ಬರುವುದು ‘ಥ್ಯಾಂಕ್ ಯೂ’ ಮಾತ್ರ. ಒಂದು ಹರಳನ್ನು ನಾಲಿಗೆಗೆ ಮುಟ್ಟಿಸಿದೆ. ಮೊದಲು ತಣ್ಣಗೆ, ಆಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಆ ಕಹಿಯನ್ನು ನಾನು ಬಲ್ಲೆ.

ಅಂಗಡಿಯಲ್ಲಿ ಇದರ ಹೆಸರು ಎಪ್ಸಮ್ ಸಾಲ್ಟ್, ನಮ್ಮ ಶಾಲೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್. ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಸಿಸ್ಟರ್ ಅದರ ಸೂತ್ರವನ್ನು ನಮ್ಮಿಂದ ಬೆಳಗಿನ ಪ್ರಾರ್ಥನೆಯಷ್ಟೇ ಭಕ್ತಿಯಿಂದ ಹೇಳಿಸುತ್ತಿದ್ದರು. ಒಂದೊಂದು ಹರಳಿನಲ್ಲೂ ಪ್ರತಿ ಉಪ್ಪಿನ ಅಣುವಿನ ಜೊತೆ ಏಳು ನೀರಿನ ಅಣುಗಳಿರುತ್ತವೆ ಎಂದು ಬರೆದು ನಾನು ಪೂರ್ತಿ ಅಂಕ ತೆಗೆದಿದ್ದೆ. ಅದು ಮನುಷ್ಯರ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲ, ಹಾಗಾಗಿ ನಾವು ತಿಳಿದುಕೊಳ್ಳಲೂ ಇಲ್ಲ. ಇಷ್ಟು ವಿದ್ಯೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಮದುವೆಯಾಗಿ ವರ್ತೂರಿಗೆ ಬಂದೆ.

ಆಗ ನಾವು ಮುನಿಯಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹದಿನಾಲ್ಕು ಅಂತಸ್ತು ಎದ್ದಿತ್ತು. ಅವರಿಗೆ ಉಳಿದದ್ದು ಮೂರು ಮಹಡಿಯ ಈ ಮನೆ, ಒಂದು ಹಸು, ಮತ್ತು ಯಾರನ್ನಾದರೂ ಏಕವಚನದಲ್ಲಿ ಕರೆಯುವ ಅಧಿಕಾರ. ಬೆಳಿಗ್ಗೆ ಮೆಟ್ಟಿಲಿನ ಮೇಲೆ ಕಾಲು ಚಾಚಿ ಕೂತು, ಇಳಿದು ಹೋಗುವ ಐ.ಡಿ. ಕಾರ್ಡಿನವರನ್ನೆಲ್ಲ ‘ಏನಪ್ಪ, ಉಂಡ್ಯಾ?’ ಎಂದು ವಿಚಾರಿಸುತ್ತಿದ್ದರು. ನಾನು ನೋಡುತ್ತಿದ್ದುದು ಅವರ ಕಾಲನ್ನು. ಪಾದ ಊದಿ, ಬೆಳ್ಳಿಯ ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ಸಂಜೆಯ ಹೊತ್ತಿಗೆ ಕಾಲುಂಗುರವೇ ಕಾಣುತ್ತಿರಲಿಲ್ಲ.

ಒಂದು ದಿನ ಎಲೆಯಡಿಕೆ ಡಬ್ಬಿಯ ತಳದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು. ಆಸ್ಪತ್ರೆಯ ರಿಪೋರ್ಟು. ಒಂದು ಮೂಲೆಗೆ ಸುಣ್ಣ ಮೆತ್ತಿಕೊಂಡಿತ್ತು.

‘ಓದಮ್ಮಣ್ಣಿ. ಇಂಗ್ಲೀಸ್ನಲ್ಲೈತೆ. ನೀನು ಓದಿದೋಳು.’

ಓದಿದೆ. ಎಷ್ಟು ಚೆನ್ನಾಗಿ ಓದಿದೆನೆಂದರೆ ಸಿಸ್ಟರ್ ಕೇಳಿದ್ದರೆ ಹೆಮ್ಮೆಪಡುತ್ತಿದ್ದರು. ‘ಕ್ರಿಯಾಟಿನೈನ್’ ಎಂಬಲ್ಲಿ ಒತ್ತು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಪಕ್ಕದ ಅಂಕೆಯನ್ನೂ ಓದಿದೆ. ಅದರ ಮುಂದೆ ದಪ್ಪ ಅಕ್ಷರದಲ್ಲಿದ್ದ ‘ಹೈ’ ಎಂಬುದನ್ನೂ ಓದಿದೆ. ಮುನಿಯಮ್ಮ ಪುರಾಣ ಕೇಳುವವರಂತೆ ತಲೆದೂಗಿದರು. ಕೊನೆಗೆ ‘ಅಂಗಂದ್ರೆ ಏನಂತೆ?’ ಎಂದರು.

‘ಸ್ವಲ್ಪ ಜಾಸ್ತಿ ಇದೆ ಅಂತೆ ಅಮ್ಮ’ ಎಂದೆ. ಏನು ಜಾಸ್ತಿ, ಯಾಕೆ ಜಾಸ್ತಿ ಎಂದು ಅವರು ಕೇಳಲಿಲ್ಲ, ನಾನು ಯೋಚಿಸಲಿಲ್ಲ. ಕಾಗದ ಮತ್ತೆ ಸುಣ್ಣದ ಪಕ್ಕ ಸೇರಿತು. ಇಬ್ಬರಿಗೂ ತೃಪ್ತಿಯಾಗಿತ್ತು. ಈ ಊರಿನಲ್ಲಿ ಇಂಗ್ಲಿಷನ್ನು ಗಟ್ಟಿಯಾಗಿ ಓದಿದರೆ ಅರ್ಧ ಕಾಯಿಲೆ ವಾಸಿಯಾದ ಹಾಗೆಯೇ.

ಅದೇ ಹೊತ್ತಿಗೆ ಎದುರು ಮನೆಯ ವಿನುತಾ ನಮ್ಮ ಬೀದಿಯ ಹೆಂಗಸರಿಗಾಗಿ ತಾರಸಿ ತೋಟದ ಗುಂಪೊಂದನ್ನು ಕಟ್ಟಿದಳು. ಕೆಲಸ ಬಿಟ್ಟು ಆರು ತಿಂಗಳಾಗಿತ್ತು, ಆ ಆರು ತಿಂಗಳಲ್ಲಿ ಅವಳು ತಜ್ಞೆಯಾಗದ ವಿಷಯವೇ ಉಳಿದಿರಲಿಲ್ಲ. ಗುಲಾಬಿ ಎಲೆ ಹಳದಿಯಾಗುವುದಕ್ಕೆ ಮದ್ದೆಂದು ಪೀಣ್ಯದಿಂದ ಒಂದು ಮೂಟೆ ಎಪ್ಸಮ್ ಸಾಲ್ಟ್ ತರಿಸಿದಳು. ಮೂಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಕೈಗಾರಿಕೆಗೆ ಮಾತ್ರ, ಸೇವನೆಗೆ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇಂಗ್ಲಿಷ್ ಬಲ್ಲ ಎಂಟು ಜನ ಸುತ್ತ ಕೂತು, ಆ ಅಕ್ಷರಗಳ ಮಧ್ಯಕ್ಕೇ ಕತ್ತರಿ ಹಾಕಿ ಮೂಟೆ ಬಿಚ್ಚಿದೆವು. ರವೆ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಐಸ್‌ಕ್ರೀಮ್ ಡಬ್ಬ ಎಂದು ಸಿಕ್ಕಿದ್ದರಲ್ಲಿ ಹಂಚಿಕೊಂಡೆವು. ಯಾರೂ ಒಂದು ಚೀಟಿ ಅಂಟಿಸಲಿಲ್ಲ. ನನ್ನ ಪಾಲು ಅಡುಗೆಮನೆಯಲ್ಲಿ ಸಕ್ಕರೆಯ ಪಕ್ಕದಲ್ಲಿ ಕೂತಿತು, ನೋಡಲು ಸಕ್ಕರೆಗಿಂತ ಚೆನ್ನಾಗಿತ್ತು.

ಮುನಿಯಮ್ಮನ ಕಾಲಿನ ಸುದ್ದಿಯನ್ನು ಗುಂಪಿನ ವಾಟ್ಸ್ಯಾಪ್‌ನಲ್ಲಿ ಎತ್ತಿದವಳು ನಾನೇ. ವಿನುತಾಳ ಉತ್ತರ ನಾನು ಬರೆದು ಮುಗಿಸುವುದರೊಳಗೇ ಬಂತು. ಮರುದಿನ ಗೇಟಿನ ಹತ್ತಿರವೂ ಅದನ್ನೇ ಹೇಳಿದಳು.

‘ಅದು ವಾಟರ್ ರಿಟೆನ್ಷನ್ ಕಣ್ರೀ. ಬೆಳಿಗ್ಗೆ ಬರೀ ಹೊಟ್ಟೇಲಿ ಬೆಚ್ಚಗಿನ ನೀರಿಗೆ ಒಂದ್ ಸ್ಪೂನ್ ಹಾಕಿ ಕೊಡಿ. ಇರೋ ಬರೋ ನೀರೆಲ್ಲ ಎಳೆದು ಹಾಕ್ಬಿಡತ್ತೆ. ಡಾಕ್ಟ್ರುಗಳು ಇದನ್ನೆಲ್ಲ ಹೇಳಲ್ಲ.’

ಡಾಕ್ಟರು ಯಾಕೆ ಹೇಳುವುದಿಲ್ಲ ಎಂದು ಒಂದು ಕ್ಷಣ ನಿಂತು ಕೇಳಿಕೊಂಡಿದ್ದರೆ ಸಾಕಿತ್ತು. ನಾನು ಅವಳನ್ನು ಕೇಳಿದ್ದು ಟೀ ಚಮಚವೋ ಊಟದ ಚಮಚವೋ ಎಂದು. ಊಟದ್ದೇ ಎಂದಳು.

ಐದು ದಿನ ನಾನೇ ಕಲಸಿ ಕೊಟ್ಟೆ. ಮುನಿಯಮ್ಮ ಮೂಗು ಹಿಡಿದು ಕುಡಿದು, ‘ಥೂ, ಬೇವೇ ವಾಸಿ ಕಣಮ್ಮ’ ಎಂದು ಮುಖ ಹಿಂಡುತ್ತಿದ್ದರು. ಮೊದಲೆರಡು ದಿನ ಭೇದಿಯಾಯಿತು, ಅದನ್ನು ನಾವು ಯಶಸ್ಸೆಂದು ತಿಳಿದೆವು. ಮೂರನೆಯ ದಿನ ಅವರು ಮೆಟ್ಟಿಲಿನ ಮೇಲೆ ಕೂತಿದ್ದರೂ ಯಾರನ್ನೂ ಮಾತಾಡಿಸಲಿಲ್ಲ. ನಾಲ್ಕನೆಯ ದಿನ ಎರಡೂ ಕಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ನನಗೆ ಕಂಡಿತ್ತು. ಕಾಣುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ‘ನಿದ್ದೆ ಬಂದಿಲ್ವೇನೋ’ ಎಂದುಕೊಂಡು ಐದನೆಯ ದಿನವೂ ಲೋಟ ಹಿಡಿದು ಇಳಿದೆ.

ಆ ಮಧ್ಯಾಹ್ನ ಅವರು ಮುದ್ದೆ ತಿರುವುತ್ತಿದ್ದಾಗ ಕೋಲು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದು ಕೂತರು. ಸದ್ದು ಕೇಳಿ ಓಡಿದೆ. ಮುಖ ಕೆಂಪಗಾಗಿತ್ತು, ಮಾತು ಬಾಯಲ್ಲೇ ಉಂಡೆ ಕಟ್ಟುತ್ತಿತ್ತು. ಅವರ ಸೊಸೆ ರತ್ನ, ನಾನು, ಇಬ್ಬರೂ ಸೇರಿ ಆಟೋಗೆ ಹತ್ತಿಸಿದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಪುಟ್ಟ ಸುತ್ತಿಗೆಯಿಂದ ಮುನಿಯಮ್ಮನ ಮಂಡಿಗೆ ತಟ್ಟಿದರು. ಕಾಲು ಚಿಮ್ಮಬೇಕಿತ್ತು, ಚಿಮ್ಮಲಿಲ್ಲ. ಮತ್ತೆ ತಟ್ಟಿದರು. ಮಂಚದ ಮೇಲಿನ ಆ ಕಾಲು ಬೇರೆ ಯಾರದೋ ಎಂಬಂತೆ ಬಿದ್ದಿತ್ತು.

‘ಏನು ಕೊಟ್ರಿ ಇವ್ರಿಗೆ?’

‘ಉಪ್ಪು’ ಎಂದೆ. ಆಮೇಲೆ, ಹಾಳಾದ ನೆನಪು, ತಾನಾಗಿಯೇ ಬಾಯಿಗೆ ಬಂತು. ‘ಮೆಗ್ನೀಸಿಯಂ ಸಲ್ಫೇಟ್, ಡಾಕ್ಟರ್.’

ಅವರು ರತ್ನ ತಂದಿದ್ದ ರಿಪೋರ್ಟಿನ ಮೇಲೆ ಕಣ್ಣಾಡಿಸಿ, ನರ್ಸಿನ ಕಡೆ ತಿರುಗಿ ಕ್ಯಾಲ್ಸಿಯಂ ಇಂಜೆಕ್ಷನ್ ಎಂದರು, ಡಯಾಲಿಸಿಸ್‌ನವರನ್ನು ಕರೆಯಿರಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

‘ಹೆಸರು ಗೊತ್ತು, ಕೊಡಬಾರದು ಅಂತ ಗೊತ್ತಿಲ್ಲ. ಒಳಗೆ ಹೋದ ಮೆಗ್ನೀಸಿಯಂನ ಹೊರಗೆ ಹಾಕೋದೇ ಕಿಡ್ನಿ ಕಣಮ್ಮ. ಇವ್ರ ಕಿಡ್ನಿ ಅರ್ಧಕ್ಕರ್ಧ ಕೆಲಸ ನಿಲ್ಲಿಸಿದೆ. ರಕ್ತದಲ್ಲೇ ಸೇರ್ಕೊಂಡು ನರ, ಸ್ನಾಯು, ಉಸಿರು, ಹೃದಯ ಒಂದೊಂದನ್ನೇ ಮಲಗಿಸ್ತಾ ಹೋಗತ್ತೆ. ಕ್ರಿಯಾಟಿನೈನ್ ಹೈ ಅಂದ್ರೆ ಅದೇ ಅರ್ಥ. ರಿಪೋರ್ಟಲ್ಲೇ ಬರೆದಿದೆಯಲ್ಲ, ಮನೇಲಿ ಓದೋರು ಯಾರೂ ಇರ್ಲಿಲ್ವಾ?’

ನಾನು ಡಾಕ್ಟರ ಜೇಬಿನ ಪೆನ್ನು ನೋಡಿದೆ. ಮಂಚದ ಮೇಲಿಂದ ಮುನಿಯಮ್ಮ ದಪ್ಪ ನಾಲಿಗೆಯಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಿದರು.

‘ಇವ್ಳು ಓದಿದ್ಳು ಸಾಮಿ. ಬೋ ಚೆಂದಾಗ್ ಓದಿದ್ಳು.’

ಅಷ್ಟು ದೊಡ್ಡ ಬೈಗುಳವನ್ನು ನನಗೆ ಈವರೆಗೆ ಯಾರೂ ಬೈದಿಲ್ಲ. ಅವರು ಅದನ್ನು ಬೈಗುಳವಾಗಿ ಹೇಳಿರಲೂ ಇಲ್ಲ.

ಆಸ್ಪತ್ರೆ ಸೇರಿದ ಮೂರನೆಯ ದಿನ ಮಂಡಿಗೆ ತಟ್ಟಿದಾಗ ಕಾಲು ಚಿಮ್ಮಿತು. ಮನೆಗೆ ಬಂದರು. ವಿನುತಾ ನೋಡಲು ಬಂದವಳು ಬಾಗಿಲಲ್ಲೇ ನಿಂತು, ‘ನೀವು ಸ್ಪೂನ್ ತುಂಬಿ ತುಂಬಿ ಹಾಕಿರ್ಬೇಕು ಕಣ್ರೀ. ಉಪ್ಪಲ್ಲೇನೂ ತಪ್ಪಿಲ್ಲ’ ಎಂದಳು. ಅಷ್ಟರಲ್ಲಾಗಲೇ ಗುಂಪಿನಲ್ಲಿದ್ದ ತನ್ನ ಸಲಹೆಯನ್ನು ಅಳಿಸಿಯೂ ಆಗಿತ್ತು. ಅದರ ಜಾಗದಲ್ಲಿ ಮೆಂತ್ಯದ ಮೊಳಕೆಯ ಚಿತ್ರವೊಂದು ನಗುತ್ತಿತ್ತು. ಅವಳನ್ನು ತಿರಸ್ಕಾರದಿಂದ ನೋಡುವುದು ನನಗೆ ಬಹಳ ಸುಲಭ, ಇಂದಿಗೂ ನೋಡುತ್ತೇನೆ. ಆದರೆ ಅವಳು ಬರೀ ಮಾತಾಡಿದಳು. ಆ ಐದು ದಿನ ಲೋಟದಲ್ಲಿ ಚಮಚ ತಿರುಗಿಸಿದ ಕೈ ನನ್ನದು.

ನಾವು ಅಪಾರ್ಟ್‌ಮೆಂಟಿಗೆ ಬಂದು ಕೆಲವು ವರ್ಷಗಳಾದವು. ಮುನಿಯಮ್ಮ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ನಿಮ್ಮ ಲೋಟದಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಿಲ್ಲ, ಹೇಗೂ ಒಂದು ದಿನ ಈ ಹಂತಕ್ಕೆ ಬರುತ್ತಿತ್ತು ಎಂದಿದ್ದಾರೆ. ನಾನು ಆ ಮಾತಿನ ಮರೆಯಲ್ಲಿ ನಿಂತುಕೊಳ್ಳುವುದಿಲ್ಲ. ಗುರುವಾರದ ಸರದಿಗೆ ಅವರ ಜೊತೆ ಹೋಗುವವಳು ನಾನು.

ಮೊನ್ನೆ ಫೋನ್ ಮಾಡಿದ್ದರು. ಯಾರೋ ಅತ್ತಿಬೆಲೆ ಕಡೆಯಿಂದ ಬೇರಿನ ಕಷಾಯ ತಂದುಕೊಟ್ಟಿದ್ದಾರಂತೆ.

‘ಕುಡೀಬೋದಾ ಅಮ್ಮಣ್ಣಿ?’

ನಾಲಿಗೆಯ ತುದಿಯಲ್ಲಿ ನಾಲ್ಕಾರು ಉತ್ತರಗಳಿದ್ದವು, ಎಲ್ಲವೂ ಒಳ್ಳೆಯ ಉಚ್ಚಾರಣೆಯವು. ನುಂಗಿಕೊಂಡೆ.

‘ನಂಗೊತ್ತಿಲ್ಲ ಅಮ್ಮ. ಮುಚ್ಚಿಡಿ. ಗುರುವಾರ ತಗೊಂಡ್ ಹೋಗಿ ಡಾಕ್ಟ್ರನ್ನೇ ಕೇಳೋಣ.’

ಆ ಕಡೆ ಮುಚ್ಚಳ ಬಿಗಿದ ಸದ್ದು ಕೇಳಿಸಿತು.

‘ಗೊತ್ತಿಲ್ಲ ಅಂತ ಏಳಕ್ಕೆ ಇಷ್ಟ್ ವರ್ಸ ಬೇಕಾಯ್ತಾ ನಿಂಗೆ?’ ಎಂದರು ಮುನಿಯಮ್ಮ.