ದಿಕ್ಕು ಹುಡುಕಲು ಹೋಗಿ ದಿಕ್ಕೆಟ್ಟದ್ದು

ಉರ್ವ ಮಾರುಕಟ್ಟೆಗೆ ಬಂಗುಡೆ ಮೀನು ತರಲು ಹೊರಟರೂ ಚೀಲದಲ್ಲಿ ಕೊಡೆ, ಟಾರ್ಚು ಮತ್ತು ತಲೆನೋವಿನ ಮಾತ್ರೆ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವ ಮನುಷ್ಯ ನಾನು. ಮಾರುಕಟ್ಟೆ ನಮ್ಮ ಗೇಟಿನಿಂದಲೇ ಕಾಣಿಸುತ್ತದೆ. ಇಂಥವನು ಐವತ್ತರ ಹೊಸ್ತಿಲಿನಲ್ಲಿ ಹಾಯಿದೋಣಿಯೊಂದರ ಅರ್ಧ ಒಡೆಯನಾದ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ವಿನಯಾ ನಕ್ಕು ಮುಗಿಸಿ ಬಹಳ ದಿನವಾಯಿತು.

ಇನ್ನರ್ಧದ ಒಡೆಯ ಉಳ್ಳಾಲದ ಹಮೀದ್. ಕಾಲೇಜಿನಲ್ಲಿ ನನ್ನ ಬೆಂಚಿನವನು. ಅರ್ಧ ಆಯುಷ್ಯ ದುಬೈಯಲ್ಲಿ ಕಳೆದು ಬಂದು ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಗೋವಾದಲ್ಲಿ ಯಾರೋ ಮಾರಲು ಇಟ್ಟಿದ್ದ ಹದಿನೆಂಟು ಅಡಿಯ ಹಳೆಯ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ನೇತ್ರಾವತಿಯ ದಂಡೆಯಲ್ಲಿರುವ ತನ್ನ ಜಾಗದಲ್ಲಿ ಇಳಿಸಿದವನು ಅವನೇ. ಆಮೇಲೆ ಕೆಲಸವನ್ನು ಬಹಳ ನ್ಯಾಯವಾಗಿ ಹಂಚಿಕೊಂಡೆವು. ಹಲಗೆ, ಬಣ್ಣ, ಹಗ್ಗ, ಹಾಯಿ ಅವನ ಪಾಲು. ದಾರಿ ತೋರಿಸುವ ಎಲೆಕ್ಟ್ರಾನಿಕ್ ಸಾಮಾನನ್ನು ಆರಿಸುವುದು ಓದಿಕೊಂಡವನಾದ ನನ್ನ ಪಾಲು. ಅವನು ತನ್ನ ಪಾಲನ್ನು ಎರಡು ತಿಂಗಳಲ್ಲಿ ಮುಗಿಸಿದ. ನಾನು ಎರಡು ವರ್ಷ ಓದುತ್ತಲೇ ಇದ್ದೆ.

ನಿಮಗೆ ಇದರ ಕಷ್ಟ ಗೊತ್ತಿಲ್ಲ. ಸಮುದ್ರದ ನಕ್ಷೆ ತೋರಿಸುವ ಪರದೆ ಐದು ಇಂಚಿನದ್ದೋ ಏಳು ಇಂಚಿನದ್ದೋ? ಬೆರಳಿನಿಂದ ಮುಟ್ಟುವುದೋ ಗುಂಡಿ ಒತ್ತುವುದೋ? ಒದ್ದೆ ಬೆರಳಿಗೆ ಮುಟ್ಟುವ ಪರದೆ ಕೇಳುವುದಿಲ್ಲವಂತೆ. ಮುಳುಗುವವನ ಬೆರಳು ಒದ್ದೆಯಾಗಿರುವುದೇ ಹೆಚ್ಚು. ಒಂದು ವರ್ಷ ನಾನು ಗುಂಡಿಯ ಕಡೆ ವಾಲುವಷ್ಟರಲ್ಲಿ ಪತ್ತನಾಜೆ ಬಂತು. ಪತ್ತನಾಜೆ ಎಂದರೆ ನಮ್ಮಲ್ಲಿ ಮಳೆಗಾಲದ ಹೊಸ್ತಿಲು. ಅಂದಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನಾವೂ ಹಾಯಿ ಬಿಚ್ಚಿ ಮಡಚಿಟ್ಟೆವು. ವ್ಯತ್ಯಾಸ ಇಷ್ಟೇ: ಅವರು ಅದಕ್ಕೆ ಮೊದಲು ಆರು ತಿಂಗಳು ಕುಣಿದಿದ್ದರು.

ಮರುವರ್ಷ ರೇಡಾರಿನ ಚಿಂತೆ ಹತ್ತಿತು. ದಟ್ಟ ಮಂಜಿನಲ್ಲಿ ಎದುರು ಬರುವ ಹಡಗನ್ನು ಅದು ತೋರಿಸುತ್ತದಂತೆ. ಮಂಗಳೂರಿನವರು ಮಂಜು ನೋಡಬೇಕಾದರೆ ಟಿಕೆಟ್ ತೆಗೆದು ಆಗುಂಬೆಗೆ ಹೋಗಬೇಕು ಎಂಬುದು ನನಗೆ ತಿಳಿಯದ್ದಲ್ಲ. ಆದರೆ ಮಂಜು ಒಂದು ದಿನ ತಾನೇ ಬರಬಾರದೆಂದು ಎಲ್ಲಿದೆ? ರೇಡಾರಿಗೆ ದೊಡ್ಡ ಬ್ಯಾಟರಿ ಬೇಕು. ಬ್ಯಾಟರಿ ತುಂಬಲು ಸೋಲಾರ್ ಹಲಗೆ ಬೇಕು. ಇವೆಲ್ಲದರ ಭಾರ ಕೂಡಿಸಿ ನೋಡಿದಾಗ, ದೋಣಿ ತೇಲಬೇಕಾದರೆ ನಮ್ಮಿಬ್ಬರಲ್ಲಿ ಒಬ್ಬರು ದಡದಲ್ಲೇ ಉಳಿಯಬೇಕು ಎಂದಾಯಿತು. ಆ ತ್ಯಾಗಕ್ಕೆ ನಾನು ಸಿದ್ಧನಿದ್ದೆ. ಹಮೀದ್ ಒಪ್ಪಲಿಲ್ಲ.

ಕನ್ನಡದಲ್ಲಿ ದಿಕ್ಕು ಎಂಬುದು ವಿಚಿತ್ರ ಶಬ್ದ. ಅದಕ್ಕೆ ಮೂಡು ಪಡುವಣ ಎಂಬ ಅರ್ಥ ಮಾತ್ರವಲ್ಲ, ಆಸರೆ ಎಂಬ ಅರ್ಥವೂ ಇದೆ. ದಿಕ್ಕಿಲ್ಲದವನು ಎಂದರೆ ನಕ್ಷೆ ಇಲ್ಲದವನಲ್ಲ, ಹೇಳುವವರು ಕೇಳುವವರು ಇಲ್ಲದವನು. ಹಿರಿಯರು ಎಂಟು ದಿಕ್ಕಿಗೂ ಒಬ್ಬೊಬ್ಬ ದೇವರನ್ನು ಕಾವಲಿಟ್ಟದ್ದು ಇದಕ್ಕೇ ಇರಬೇಕು. ಪಶ್ಚಿಮಕ್ಕೆ ವರುಣ, ಅವನ ಪಕ್ಕದ ಮೂಲೆಯಲ್ಲಿ ವಾಯು. ಹಾಯಿದೋಣಿಗೆ ಬೇಕಾದ ಇಲಾಖೆಗಳೆರಡೂ ಅಕ್ಕಪಕ್ಕದ ಕೋಣೆಯಲ್ಲೇ ಇವೆ. ಇನ್ನು ನಮ್ಮ ಕರಾವಳಿಯ ಭೂಗೋಳವನ್ನು ನೋಡಿ. ಪಡುವಣಕ್ಕೆ ಇಡೀ ಕಡಲು, ಮೂಡಣಕ್ಕೆ ಇಡೀ ದೇಶ. ದಾರಿ ತಪ್ಪಿತೋ, ಮೂಡಕ್ಕೆ ತಿರುಗಿದರೆ ಮುಗಿಯಿತು. ಕಾಸರಗೋಡು ಸಿಗಬಹುದು, ಕಾರವಾರ ಸಿಗಬಹುದು. ಭಾರತ ತಪ್ಪಿಹೋಗುವ ಸಂಭವವಿಲ್ಲ. ಅಲ್ಲಿಂದ ಬಸ್ಸಿದೆ. ಈ ಸತ್ಯ ತಿಳಿದಿದ್ದೂ ನಾನು ಉಪಗ್ರಹಗಳ ಸಹಾಯ ಬೇಡುತ್ತಿದ್ದೆ.

ಹೇಳುವವರು ಕೇಳುವವರು ಎಂದೆನಲ್ಲ, ನನಗೆ ಅವರ ಕೊರತೆಯಿಲ್ಲ. ದೋಣಿ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಲೋಕಕ್ಕೆಲ್ಲ ಸಾರುವ ಒಂದು ಯಂತ್ರವಿದೆ, ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ನೋಡಬಹುದು ಎಂದು ನಾನು ಬಾಯಿತಪ್ಪಿ ಅಂದದ್ದೇ ತಡ, ವಿನಯಾ ಪಟ್ಟು ಹಿಡಿದಳು.

"ಅದೊಂದು ಇದ್ರೆ ಮಾತ್ರ ಹೋಗಿ. ಬಾಕಿದ್ದೆಲ್ಲ ನಿಮ್ಮ ಆಟದ ಸಾಮಾನು."

ಹಮೀದನಿಗೆ ಹೇಳಿದರೆ ಅವನು ಹಾವು ತುಳಿದವನಂತೆ ಹಾರಿದ. "ಎಂತ ಮಾರಾಯ, ನಿನಗೆ ಬುದ್ಧಿ ಉಂಟಾ? ನಾವು ಎಲ್ಲಿದ್ದೇವೆ ಅಂತ ಎಲ್ಲರಿಗೂ ಗೊತ್ತಾದ್ರೆ ಬದುಕುದು ಹೇಗೆ?"

ಅವನ ಆತಂಕ ಸಕಾರಣವಾದದ್ದು. ನಮ್ಮ ಊರಿನಲ್ಲಿ ಫೋನೆತ್ತಿ ಎಲ್ಲಿದ್ದೀರಿ ಎಂದು ಕೇಳಿದರೆ "ಇಕೊ, ಕೊಟ್ಟಾರಕ್ಕೆ ಎತ್ತಿದೆ", ಅಂದರೆ ತಲುಪಿದೆ, ಎನ್ನುವುದು ವಾಡಿಕೆ. ಹೇಳುವವನು ಆಗಷ್ಟೇ ಸ್ನಾನಕ್ಕೆ ಬಿಸಿನೀರು ತೋಡುತ್ತಿರುತ್ತಾನೆ. ಕೇಳುವವನಿಗೂ ಅದು ಗೊತ್ತು. ಅವನೂ ಇನ್ನೂ ಹೊರಟಿರುವುದಿಲ್ಲ. ಇಷ್ಟು ಜನ ನಿಜವಾಗಿ ಕೊಟ್ಟಾರದಲ್ಲಿ ಇದ್ದಿದ್ದರೆ ಅಲ್ಲಿಯ ಹೆದ್ದಾರಿ ಎಂದೋ ಕುಸಿಯುತ್ತಿತ್ತು. ಇಂಥ ನಾಗರಿಕತೆಯ ನಡುವೆ ನಿಜವನ್ನೇ ಹೇಳುವ ಯಂತ್ರವನ್ನು ತಂದಿಡುವುದು ಸಣ್ಣ ಅಪರಾಧವಲ್ಲ. ಹೀಗೆ ಹೆಂಡತಿಯ ಹಟ, ಗೆಳೆಯನ ಹಟಗಳ ನಡುವೆ ನನಗೆ ಇನ್ನಷ್ಟು ಓದಲು ಅವಕಾಶ ಸಿಕ್ಕಿತು. ನಿಜ ಹೇಳಬೇಕೆಂದರೆ ಹಾಯೆನಿಸಿತು. ಆರಿಸುತ್ತಾ ಇರುವವನನ್ನು ಯಾರೂ ಹೆದರುಪುಕ್ಕಲ ಎನ್ನುವುದಿಲ್ಲ.

ಈ ಮಾರ್ಚಿನಲ್ಲಿ ಹಮೀದ್ ಮನೆಗೇ ಬಂದ. ಚಹಾ ಮುಟ್ಟಲಿಲ್ಲ.

"ಆದಿತ್ಯವಾರ ದೋಣಿ ಕಡಲಿಗೆ ಹೋಗ್ತದಾ ಇಲ್ವಾ ಹೇಳು. ಇಲ್ಲದಿದ್ರೆ ಸೋಮವಾರ ರೆಸಾರ್ಟಿನವರ ಕ್ರೇನ್ ಬರ್ತದೆ. ನಾನು ಮಾತಾಡಿ ಆಗಿದೆ."

"ಕ್ರೇನ್ ಎಂತಕ್ಕೆ?"

"ಅವರ ಹುಲ್ಲಿನ ಮೇಲೆ ಇಡ್ಲಿಕ್ಕೆ. ದೋಣಿಯೊಳಗೆ ಐಸ್ ತುಂಬಿಸ್ತಾರಂತೆ. ಮೇಲೆ ಸೌತೆಕಾಯಿ, ಕ್ಯಾರೆಟ್, ಬೀಟ್‌ರೂಟ್. ಸಲಾಡ್ ಕೌಂಟರ್ ಮಾರಾಯ! ಅದಕ್ಕೆ ನಿನ್ನ ಜಿಪಿಎಸ್ ಬೇಡ. ಸೌತೆಕಾಯಿ ದಾರಿ ತಪ್ಪುದಿಲ್ಲ."

ನಗಬೇಕೆಂದು ನೋಡಿದೆ, ಅವನ ಮುಖ ನೋಡಿ ಆಗಲಿಲ್ಲ. ಕೆಲಸ ಮುಗಿದ ಮೇಲೂ ಎರಡು ಬೇಸಗೆ ಆ ಹಲಗೆಗಳನ್ನು ಉಜ್ಜಿ ಉಜ್ಜಿ ಅವನ ಅಂಗೈ ಒರಟಾಗಿತ್ತು. ನಾನು ಉಜ್ಜಿದ್ದು ಮೊಬೈಲಿನ ಪರದೆಯನ್ನು ಮಾತ್ರ.

ಮರುದಿನವೇ ಬಂದರಿನ ಅಂಗಡಿಗೆ ಹೋದೆ. ಎರಡು ವರ್ಷದಲ್ಲಿ ಗಳಿಸಿದ ಜ್ಞಾನವನ್ನೆಲ್ಲ ಮೇಜಿನ ಮೇಲೆ ಸುರಿದೆ. ಅಂಗಡಿಯವರು ತಾಳ್ಮೆಯಿಂದ ಕೇಳಿ, "ಸ್ಟಾಕ್ ಇರುದು ಇದೊಂದೇ ಸರ್" ಎಂದರು. ಆಯ್ಕೆ ಎಷ್ಟು ಸುಲಭದ ಕೆಲಸ ಎಂದು ಅಂದೇ ತಿಳಿದದ್ದು. ಅಂಗೈಯಗಲದ ಪರದೆ, ಇದ್ದ ಜಾಗವನ್ನು ತೋರಿಸುತ್ತದೆ, ನೀರಿನ ಆಳವನ್ನು ಅಳೆಯುತ್ತದೆ. ಲೋಕಕ್ಕೆ ಏನನ್ನೂ ಸಾರುವುದಿಲ್ಲ. ವಿನಯಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗಂಟೆಗೊಮ್ಮೆ ಫೋನ್ ಮಾಡಿ, ಸುಳ್ಳು ಹೇಳ್ಬೇಡಿ" ಎಂದು ರಾಜಿಯಾದಳು.

ಆದಿತ್ಯವಾರ ಬೆಳಗ್ಗೆ ದೋಣಿ ನದಿಗಿಳಿಯಿತು. ನಾನು ಎರಡು ಲೈಫ್ ಜಾಕೆಟ್ ಹಾಕಿಕೊಂಡಿದ್ದೆ, ಒಂದರ ಮೇಲೊಂದು. ನೀರು ಎಷ್ಟಕ್ಕಿಂತ ಕಡಿಮೆಯಾದರೆ ಕೂಗಬೇಕು ಎಂದು ಯಂತ್ರಕ್ಕೆ ಮೊದಲೇ ಹೇಳಿಡಬೇಕಿತ್ತು. ನಮ್ಮ ದೋಣಿಗೆ ಒಂದು ಮೀಟರ್ ಧಾರಾಳ. ಇರಲಿ, ಜಾಗ್ರತೆ ಒಳ್ಳೆಯದೆಂದು ನಾನು ಹತ್ತು ಎಂದು ಒತ್ತಿದೆ. ಅಲ್ಲಿ ಹತ್ತು ಮೀಟರ್ ನೀರು ಎಲ್ಲಿಂದ ಬರಬೇಕು? ಯಂತ್ರ ದಂಡೆಯಲ್ಲೇ ಕೀಂ ಎಂದು ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಎರಡು ಸಲ ತಲೆಯೆತ್ತಿ ತಗ್ಗಿಸಿತು. ಯಂತ್ರ ಪ್ರಾಣ ಹೋದಂತೆ ಕಿರುಚಿತು. ಆಚೆ ದಾಟಿ ಹಾಯಿಗೆ ಗಾಳಿ ತುಂಬಿದಾಗಲೂ ಅದರ ಗೋಳು ಮುಗಿಯಲಿಲ್ಲ.

ಹಮೀದ್ ರೆಸಾರ್ಟಿನವರಿಗೆ ಫೋನು ಮಾಡಿ, "ಕ್ರೇನ್ ಬೇಡ. ಸೌತೆಕಾಯಿ ಬೇರೆ ಎಲ್ಲಿಯಾದ್ರೂ ಇಡಿ" ಎಂದ.

ಆಗ ನನಗೊಂದು ಸಂಗತಿ ಹೊಳೆಯಿತು. ಅಷ್ಟು ಹೊತ್ತು ನಾನು ಒಂದೇ ಒಂದು ಚಿಂತೆಯನ್ನೂ ಮಾಡಿರಲಿಲ್ಲ. ಹುಟ್ಟಿದಂದಿನಿಂದ ನಾನೊಬ್ಬನೇ ಹೊತ್ತುಕೊಂಡು ಬಂದ ಕೆಲಸವನ್ನು ಈ ಯಂತ್ರ, ಅದೂ ನನಗಿಂತ ಶ್ರದ್ಧೆಯಿಂದ, ಮಾಡುತ್ತಿತ್ತು. ಕೈ ಖಾಲಿಯಾದವನು ಏನು ಮಾಡುತ್ತಾನೆ? ಸುತ್ತ ನೋಡಿದೆ. ಕಡಲಿತ್ತು. ಚೆನ್ನಾಗಿತ್ತು.

"ಅದನ್ನು ಆಫ್ ಮಾಡು ಮಾರಾಯ, ತಲೆ ಚಿಟ್ಟು ಹಿಡೀತಾ ಉಂಟು," ಎಂದ ಹಮೀದ್.

"ಬೇಡ. ಅದು ನಿಲ್ಲಿಸಿದ್ರೆ ನಾನು ಶುರು ಮಾಡ್ಬೇಕಾಗ್ತದೆ."

ಅವನು ಒಮ್ಮೆ ಯಂತ್ರವನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಹಾಗಾದ್ರೆ ಅದೇ ಕೂಗ್ಲಿ," ಎಂದು ಹಾಯಿಯ ಹಗ್ಗವನ್ನು ಬಿಗಿದ.